ಸ್ಪಷ್ಟನೆ: ‘ಲೆವೆಲ್‌ಗೆ 2000 ಕೆಜಿ’ ಅಂದರೆ ರ‍್ಯಾಕ್‌ಗೆ 8 ಟನ್ ಅಲ್ಲ
ಗೋದಾಮಿನವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಲೆಕ್ಕ ಓಡಾಡುತ್ತಿದೆ: ಬೀಮ್ ಜೋಡಿಗೆ (ರ‍್ಯಾಕ್‌ನ ಒಂದು ಲೆವೆಲ್ ಹೊರುವ ಹಿಂದು-ಮುಂದಿನ ಎರಡು ಅಡ್ಡಪಟ್ಟಿಗಳಿಗೆ) 2000 ಕೆಜಿ ಎಂದಿದ್ದರೆ ನಾಲ್ಕು ಲೆವೆಲ್‌ಗೆ 8 ಟನ್, ಜಾಗ ಸಾಲದಿದ್ದರೆ ಕೆಳಗಿನ ಬೀಮ್ ಮೇಲಕ್ಕೇರಿಸಿ. ಇದು ತಪ್ಪು, ಎರಡನೇ ಭಾಗವಂತೂ ಅಪಾಯಕಾರಿ.

2000 ಕೆಜಿ ಎಂಬುದು ಬೀಮ್ ಜೋಡಿಯ ಸಾಮರ್ಥ್ಯ, ಅದೂ ಭಾರ ಸಮನಾಗಿ ಹರಡಿದಾಗ. ಅಷ್ಟೇ ತೂಕದ ಮೋಟರನ್ನು ನಟ್ಟನಡುವೆ ಇಟ್ಟರೆ ಬೀಮ್ ಬಾಗಿಸುವ ಬಲ ಇಮ್ಮಡಿ. ಕಂಬಗಳ ಚೌಕಟ್ಟಿನ ಸಾಮರ್ಥ್ಯ ಬೇರೆಯೇ. ಸಾಲಿನ ನಡುವಿನ ಚೌಕಟ್ಟು ಎಡಬಲದ ಎರಡೂ ಬೇಗಳ (ಎರಡು ಚೌಕಟ್ಟುಗಳ ನಡುವಿನ ಅಂಕಣಗಳ) ಅರ್ಧರ್ಧ ಭಾರ ಹೊರುತ್ತದೆ. ಅದರ ಮಿತಿ 6 ಟನ್ ಆಗಿದ್ದರೆ ಬೀಮ್ ಎಷ್ಟು ಗಟ್ಟಿಯಿದ್ದೂ ಪ್ರಯೋಜನವಿಲ್ಲ.

ಕಂಬಕ್ಕೆ ಆಸರೆ ಕೊಡುವುದೇ ಬೀಮ್. ನೆಲದಿಂದ ಮೊದಲ ಬೀಮ್‌ವರೆಗಿನ 1.5 ಮೀಟರ್ ಅನ್ನು 3 ಮೀಟರ್ ಮಾಡಿದರೆ, ತೆಳುಕಂಬದ ಸೂತ್ರದ ಪ್ರಕಾರ ಕಂಬ ಬಳುಕಿ ಮುರಿಯುವ ಭಾರ ಕಾಲು ಭಾಗಕ್ಕಿಳಿಯುತ್ತದೆ. ಹಾಗಾಗಿ ಬೀಮ್ ಸರಿಸುವ ಮುನ್ನ ತಯಾರಕರಿಂದ ಹೊಸ ಲೋಡ್ ಪಟ್ಟಿ ಬರೆಸಿಕೊಳ್ಳಿ.

ಕೊಳ್ಳುವಾಗ ಎರಡು ಅಂಕಿ ಕೇಳಿ: ಬೀಮ್ ಜೋಡಿಯದು, ಮೊದಲ ಬೀಮ್ ಎತ್ತರದ ಸಮೇತ ಚೌಕಟ್ಟಿನದು. ‘ಹೆವಿ ಡ್ಯೂಟಿ’ ಎಂಬ ಸ್ಟಿಕ್ಕರ್‌ಗೆ ತೂಕವಿಲ್ಲ. ಬೀಮ್‌ನ ಎರಡೂ ತುದಿಗೆ ಲಾಕ್ ಪಿನ್, ಪ್ರತಿ ಬೇಸ್ ಪ್ಲೇಟ್‌ಗೆ (ಕಂಬದ ಬುಡದ ತಟ್ಟೆಗೆ) ನೆಲಕ್ಕೆ ಬಿಗಿಯುವ ಆಂಕರ್ ಬೋಲ್ಟ್ ಇರಲಿ. ಪಿನ್ ಇಲ್ಲದ ಬೀಮ್ ಫೋರ್ಕ್‌ಲಿಫ್ಟ್ ಕೆಳಗಿನಿಂದ ತಾಗಿದರೂ ಕಳಚಿಬೀಳಬಹುದು.