ದುರ್ಭಿಕ್ಷದಲ್ಲಿ ಅಧಿಕ ಮಾಸ

ಮ್ಯಾನೇಜರ್ ಆಗಿ ಏಳು ವರ್ಷಗಳಾದವು. ಈ ಅವಧಿಯಲ್ಲಿ ನಾನು ಬರೆದ ಅತಿ ಜಟಿಲವಾದ ಕೋಡ್ ಎಂದರೆ ಎಕ್ಸೆಲ್‌ನಲ್ಲಿ ತಂಡದವರ ರಜೆಗಳನ್ನು ಕೂಡಿಸುವ ಸೂತ್ರ. ಕೈಗೆ ಪೂರ್ತಿ ತುಕ್ಕು ಹಿಡಿಯುವ ಮುನ್ನ ಎಚ್ಚೆತ್ತು, 'ನನಗೂ ಸರಿಪಡಿಸಲು ಒಂದು ಬಗ್ ಕೊಡಿ' ಎಂದು ಕೇಳಿದೆ. ಎಲ್ಲರೂ ಮುಖಮುಖ ನೋಡಿಕೊಂಡರು. ಬಹಳ ಹುಡುಕಿ, ಯಾರಿಗೂ ತುರ್ತಿಲ್ಲದ ಒಂದನ್ನು ಆರಿಸಿ ಕೊಟ್ಟರು. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳುತ್ತಾರಲ್ಲ, ಹಾಗೆ.

ಒಂದು ಪುಟದಲ್ಲಿ ಡಿಸೆಂಬರ್ ತಿಂಗಳು 11 ಎಂದು ಕಾಣಿಸುತ್ತಿತ್ತು. ಅಷ್ಟೇ.

ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್‌ನಲ್ಲಿ, ಮುಖ್ಯ ಕೋಡ್ ಇರುವ 'ಮಾಸ್ಟರ್' ಶಾಖೆಯನ್ನು ಕೇಳಿದೆ. ಅಂಥದ್ದೊಂದು ಇಲ್ಲವೇ ಇಲ್ಲ ಎಂದಿತು. ಯಾರೋ ಅಳಿಸಿಬಿಟ್ಟಿದ್ದಾರೆಂದು ಎದೆ ಧಸಕ್ಕೆಂದು, ಇಡೀ ತಂಡಕ್ಕೆ ಎಚ್ಚರಿಕೆಯ ಸಂದೇಶ ಕಳಿಸಿದೆ. 2020ರಿಂದೀಚೆಗೆ ಬಹಳ ಕಡೆ ಅದರ ಹೆಸರು 'ಮೇನ್' ಆಗಿದೆಯೆಂದು ಹೊಸದಾಗಿ ಸೇರಿದ ಹುಡುಗಿ ವಿನಯದಿಂದ ತಿಳಿಸಿದಳು. ಆ ವಿನಯವೇ ಹೆಚ್ಚು ಚುಚ್ಚಿತು. ನಮ್ಮಲ್ಲಿ ಆ ಹೆಸರು ಬದಲಾವಣೆಗೆ ಒಪ್ಪಿಗೆ ಕೊಟ್ಟವನು ನಾನೇ ಎಂಬುದು ಆಮೇಲೆ ಹಳೆಯ ಇಮೇಲೊಂದರಲ್ಲಿ ಸಿಕ್ಕಿತು.

ಬಗ್ ಮಾತ್ರ ನನ್ನ ಹಳೆಯ ಪರಿಚಯದ್ದು. ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಶುರು: ಜನವರಿ 0, ಡಿಸೆಂಬರ್ 11. ತಾರೀಕು ಮಾತ್ರ ಮರ್ಯಾದೆಯಾಗಿ 1ರಿಂದ. 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಆ ಭಾಷೆಯ ಮೊದಲ ರೂಪವನ್ನು ಕಟ್ಟಿದರು. ತಾರೀಕಿನ ಭಾಗವನ್ನು ಜಾವಾ ಎಂಬ ಇನ್ನೊಂದು ಭಾಷೆಯಿಂದ ಎಡವಟ್ಟಿನ ಸಮೇತ ಎತ್ತಿಕೊಂಡದ್ದು. ನನ್ನ ಕಾಲದ ವಿದ್ಯೆಗೂ ಬೆಲೆ ಬಂತೆಂದು ಹಿಗ್ಗಿ, ತಿಂಗಳು ಕೊಡುವ ಫಂಕ್ಷನ್‌ಗೆ '+ 1' ಸೇರಿಸಿದೆ. ಪುಟ ಸರಿಹೋಯಿತು. ಬೇರೆ ಪುಟಗಳನ್ನು ನೋಡಲಿಲ್ಲ, ಮೀಟಿಂಗ್ ಇತ್ತು. ಟೆಸ್ಟ್ ಬರೆಯಲಿಲ್ಲ. ಟೆಸ್ಟ್ ಇಲ್ಲದ ಕೋಡನ್ನು ಒಪ್ಪಬೇಡಿ ಎಂದು ಪ್ರತಿ ಸೋಮವಾರ ಉಪದೇಶ ಮಾಡುವವನು ನಾನು. ಆದರೂ ಎರಡೇ ನಿಮಿಷದಲ್ಲಿ ಒಪ್ಪಿಗೆ ಬಂತು. (ವಾರ್ಷಿಕ ಮೌಲ್ಯಮಾಪನ ಹತ್ತಿರವಿದ್ದಾಗ ನನ್ನ ಕೋಡ್ ಬಹಳ ಚೆನ್ನಾಗಿರುತ್ತದೆ.)

ಉಳಿದ ಪುಟಗಳೂ ಅದೇ ಫಂಕ್ಷನ್ ಬಳಸುತ್ತಿದ್ದವು. ಅವನ್ನು ಬರೆದವರು ಆ ಸೊನ್ನೆಯ ಕಾಟ ಬಲ್ಲವರು. ತಮ್ಮ ತಮ್ಮ ಕಡೆ ಆಗಲೇ ಒಂದೊಂದು ಕೂಡಿಸಿಕೊಂಡಿದ್ದರು. ಅದರ ಮೇಲೆ ನನ್ನದೊಂದು. ಮರುದಿನ ಬೆಳಿಗ್ಗೆ ಡಿಸೆಂಬರಿನ ಬಿಲ್ಲುಗಳೆಲ್ಲ ಹದಿಮೂರನೆಯ ತಿಂಗಳಿನಲ್ಲಿ ಕುಳಿತಿದ್ದವು. ವರ್ಷಾಂತ್ಯದ ಕೆಲಸದಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ವಾರವದು. ದುರ್ಭಿಕ್ಷದಲ್ಲಿ ಅಧಿಕ ಮಾಸ ಎಂಬ ಗಾದೆಯನ್ನು ನಾನು ಜಾರಿಗೇ ತಂದಿದ್ದೆ.

ಅದೇ ಹುಡುಗಿ, ಅದೇ ವಿನಯದಿಂದ, ಒಂದೇ ಸಾಲಿನ ಆಜ್ಞೆಯಲ್ಲಿ ನನ್ನ ಬದಲಾವಣೆಯನ್ನು ರಿವರ್ಟ್ ಮಾಡಿ, ಕೋಡನ್ನು ಮೊದಲಿನಂತಾಗಿಸಿದಳು. ಮೂಲ ಬಗ್ ಇನ್ನೂ ನನ್ನ ಹೆಸರಿನಲ್ಲೇ ಇದೆ. ಅದನ್ನು ವಾಪಸ್ ಕೇಳುವ ಧೈರ್ಯ ಯಾರಿಗೂ ಬಂದಿಲ್ಲ.