ಅಣು ಸ್ಥಾವರಕ್ಕೆ ಮಾರುಕಟ್ಟೆಯ ಬಿಡಿಭಾಗ ಹಾಕಬಹುದೇ?

ಪರ: ಪರೀಕ್ಷೆ ಮಾಡಿ, ಹಾಕಿ

ಸ್ಲೊವೇನಿಯಾದ ಕ್ರಶ್ಕೊ ಅಣು ಸ್ಥಾವರದಲ್ಲಿ ಬೆಂಕಿ ಆರಿಸುವ ಪಂಪ್‌ನ ಇಂಪೆಲ್ಲರ್, ಅಂದರೆ ನೀರನ್ನು ತಳ್ಳುವ ಚಕ್ರ, 1981ರಿಂದ ತಿರುಗುತ್ತಿತ್ತು. ಅಂಗೈಯಗಲದ್ದು, 108 ಮಿಲಿಮೀಟರ್. ಬದಲಿಸೋಣ ಅಂದರೆ ಅದನ್ನು ಮಾಡಿದ ಕಂಪನಿಯೇ ಮುಚ್ಚಿಹೋಗಿತ್ತು. ಸೀಮೆನ್ಸ್‌ನವರು ಹಳೆಯದನ್ನು ಅಳೆದು, ಲೋಹದಲ್ಲಿ 3ಡಿ ಪ್ರಿಂಟ್ ಮಾಡಿ, ಪರೀಕ್ಷಿಸಿ ಕೊಟ್ಟರು. 2017ರಲ್ಲಿ ಅದು ಕೆಲಸಕ್ಕೆ ಸೇರಿತು.

ಹಳೆ ಸ್ಥಾವರಗಳ ಪಾಡೆಲ್ಲ ಇದೇ. ರಿಲೇ (ಸಂಕೇತ ಬಂದಾಗ ತಾನೇ ಬದಲಾಗುವ ಸ್ವಿಚ್ಚು), ಗೇಜ್, ಫ್ಯೂಸ್ ಮಾಡುತ್ತಿದ್ದವರಲ್ಲಿ ಅನೇಕರು ಅಣು ಸ್ಥಾವರಕ್ಕೆ ಮಾರಲು ಬೇಕಾದ ಸರ್ಟಿಫಿಕೇಟೇ ಬೇಡ ಅಂತ ಬಿಟ್ಟರು. ಆರ್ಡರ್ ಕಮ್ಮಿ, ಕಾಗದದ ಕೆಲಸ ಜಾಸ್ತಿ. ಅದಕ್ಕೇ ಅಮೆರಿಕದಲ್ಲಿ ‘ಕಮರ್ಷಿಯಲ್ ಗ್ರೇಡ್ ಡೆಡಿಕೇಷನ್’, ಅಂದರೆ ಸಾಮಾನ್ಯ ಮಾರುಕಟ್ಟೆಯ ಭಾಗವನ್ನು ಪರೀಕ್ಷಿಸಿ ಒಪ್ಪಿಕೊಳ್ಳುವ ದಾರಿ ಇದೆ. ಈ ಭಾಗ ಯಾವ ಕೆಲಸದಲ್ಲಿ ಕೈಕೊಡಬಾರದು ಅಂತ ಮೊದಲು ಬರೆದುಕೊಳ್ಳುತ್ತಾರೆ. ಆಮೇಲೆ ಅದಕ್ಕೆ ಬೇಕಾದ ಅಳತೆ, ಲೋಹ, ವೋಲ್ಟೇಜ್, ಎಲ್ಲವನ್ನೂ ತಾವೇ ಪರೀಕ್ಷಿಸುತ್ತಾರೆ.

ನಾನು ಸ್ಥಾವರದಲ್ಲಿ ದುಡಿದವನಲ್ಲ, ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದವನು. ಒಮ್ಮೆ ರಾತ್ರಿ ಪಾಳಿಯಲ್ಲಿ ವಾಲ್ವ್ ಸೋರತೊಡಗಿತು. ಮೂಲ ಕಂಪನಿಯ ಓ-ರಿಂಗ್, ಸೋರದಂತೆ ತಡೆಯುವ ರಬ್ಬರ್ ಬಳೆ, ಕಪಾಟಿನಲ್ಲೇ ಇತ್ತು. ಸೀಲ್ ಒಡೆಯದ ಪ್ಯಾಕೆಟ್, ಜೊತೆಗೆ ಸರ್ಟಿಫಿಕೇಟು. ತೆಗೆದು ಬೆರಳಲ್ಲಿ ಸ್ವಲ್ಪ ಎಳೆದೆ. ಒಣ ಕಡ್ಡಿಯಂತೆ ಪಟ್ ಅಂತ ಮುರಿಯಿತು. ರಬ್ಬರಿನ ವಾಯಿದೆ ಮುಗಿದು ನಾಲ್ಕು ವರ್ಷವಾಗಿತ್ತು! ಬೆಳಗಿನವರೆಗೂ ಅದರ ಕೆಳಗೆ ಬಕೆಟ್ ಇಟ್ಟು ಕೂತಿದ್ದೆ. ಮರುದಿನ ಸಾಮಾನ್ಯ ರಿಂಗ್ ತಂದು, ಗಡಸುತನ ಅಳೆದು ಹಾಕಿದೆವು. ನಾನು ಕೆಲಸ ಬಿಡುವವರೆಗೂ ಅದು ಸೋರಲಿಲ್ಲ.

ದಕ್ಷಿಣ ಕೊರಿಯಾದ ಅಣು ಸ್ಥಾವರಗಳಿಗೆ ನಕಲಿ ಸರ್ಟಿಫಿಕೇಟಿನ ಬಿಡಿಭಾಗ ಹೋದ ಕಥೆ ಹೇಳಿ ಹೆದರಿಸುತ್ತಾರೆ. ಅಲ್ಲಿ ನಡೆದದ್ದು ಮೋಸ. ಕಳ್ಳನೋಟು ಇದೆ ಅಂತ ಯಾರೂ ದುಡ್ಡು ಮುಟ್ಟೋದನ್ನೇ ಬಿಡಲ್ಲ, ಅಲ್ವಾ?

ವಿರೋಧ: ಎಲ್ಲ ಕಡೆ ಬೇಡ

ವಿರೋಧದ ಪಕ್ಷವನ್ನು ನಾನು ಆರಿಸಿಕೊಂಡದ್ದಲ್ಲ, ನನಗೆ ಕೊಟ್ಟದ್ದು. ಓ-ರಿಂಗಿನ ಮಾತು ನಿಜ. ಆದರೂ ಪೇಟೆಯಲ್ಲಿ ಸಿಕ್ಕಿದ್ದನ್ನೆಲ್ಲ ತಂದು ಜೋಡಿಸಿ ಅನ್ನುವ ವಾದಕ್ಕೆ ತಲೆಯಾಡಿಸಲಾರೆ.

ಕೊರಿಯಾವನ್ನು ಒಂದೇ ಮಾತಲ್ಲಿ ದಾಟಿಬಿಟ್ಟರು. 2012ರ ನವೆಂಬರಿನಲ್ಲಿ ಅಲ್ಲಿ ಸಿಕ್ಕಿದ್ದು ನಕಲಿ ಸರ್ಟಿಫಿಕೇಟಿನ 5,000ಕ್ಕೂ ಹೆಚ್ಚು ಬಿಡಿಭಾಗ. ಫ್ಯೂಸು, ಸ್ವಿಚ್ಚು, ಫ್ಯಾನು, ಹೀಗೆ ಸಣ್ಣಪುಟ್ಟವೇ. ಯೊಂಗ್‌ಗ್ವಾಂಗ್ ಸ್ಥಾವರದ ಎರಡು ರಿಯಾಕ್ಟರ್ ನಿಲ್ಲಿಸಬೇಕಾಯಿತು. 2013ರಲ್ಲಿ ಕಂಟ್ರೋಲ್ ಕೇಬಲ್‌ಗಳ ಸರದಿ. ಅಪಘಾತವಾದಾಗ ಸುರಕ್ಷಾ ವ್ಯವಸ್ಥೆಗೆ ಸಂಕೇತ ಒಯ್ಯಬೇಕಾದ ತಂತಿಗಳವು. ‘ಪರೀಕ್ಷೆ ಮಾಡಿ’ ಅನ್ನುತ್ತಾರಲ್ಲ, ಅಲ್ಲಿ ಪರೀಕ್ಷೆಯ ವರದಿಯೇ ಸುಳ್ಳಾಗಿತ್ತು.

ಮೇಜಿನ ಮೇಲೆ ರಿಲೇ ಸರಿಯಾಗಿ ಟಿಕ್ ಅನ್ನಬಹುದು. ಬಿಸಿ ಹಬೆ, ವಿಕಿರಣ, ಭೂಕಂಪದ ನಡುವೆಯೂ ಅದು ಟಿಕ್ ಅನ್ನಬೇಕು. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಉಳಿಯಿತು. ಕಂಟ್ರೋಲ್ ರೂಮಿನವರು ದೀಪ ನೋಡಿ ಮುಚ್ಚಿದೆ ಅಂದುಕೊಂಡರು. ತಂಪು ಮಾಡುವ ನೀರು ಹೊರಹೋಗಿ ರಿಯಾಕ್ಟರಿನ ಗರ್ಭವೇ ಅರ್ಧದಷ್ಟು ಕರಗಿತು.

ಬೆಂಕಿ ಪಂಪ್‌ಗೆ ಹಾಕಿಕೊಳ್ಳಲಿ, ಬೇಡ ಅನ್ನಲ್ಲ. ಅಂಥ ವಾಲ್ವ್‌ಗೆ ಮಾತ್ರ ಬೇಡ.