ಆಡದವರ ಸೆಮಿನಾರ್

ನಿನ್ನೆ ರಾತ್ರಿಯೇ ಬರೆಯಬೇಕು ಅಂದುಕೊಂಡಿದ್ದೆ. ಬರೆದರೆ ಬೈಗುಳವೇ ಜಾಸ್ತಿ ಆಗುತ್ತದೆ ಅಂತ ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಬೆಳಿಗ್ಗೆ ಎದ್ದರೂ ಸಿಟ್ಟು ಇಳಿದಿಲ್ಲ. ಬರಹ ಉದ್ದ ಇದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಬಹುದು, ಬೇಜಾರಿಲ್ಲ.

ಮೈಸೂರಿನ ಒಂದು ಕಾಲೇಜಿನಲ್ಲಿ ವಿಡಿಯೋ ಗೇಮ್ ಸಂಸ್ಕೃತಿಯ ಬಗ್ಗೆ ವಿಚಾರ ಸಂಕಿರಣ ಇತ್ತು. ಯಾವ ಕಾಲೇಜು ಅಂತ ಕೇಳಬೇಡಿ, ಹೇಳಲ್ಲ. ಆಹ್ವಾನ ಪತ್ರಿಕೆ ವಾಟ್ಸ್‌ಆಪ್‌ನಲ್ಲಿ ಬಂದಾಗ ನಿಜಕ್ಕೂ ಖುಷಿಯಾಗಿತ್ತು. ಕನ್ನಡದಲ್ಲಿ, ಅದೂ ಕಾಲೇಜಿನವರು, ಅದೂ ಗೇಮ್ ಬಗ್ಗೆ! ಎರಡನೇ ಶನಿವಾರ, ಬ್ಯಾಂಕಿಗೆ ರಜೆ ಬೇರೆ. ಒಳ್ಳೆ ಸೀರೆ ಉಟ್ಟುಕೊಂಡು ಹೋಗಿ ಎರಡನೇ ಸಾಲಿನಲ್ಲಿ ಕೂತೆ.

ದೀಪ ಬೆಳಗಿಸಿದರು. ಗಿಡಕ್ಕೆ ನೀರೆರೆದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೊದಲ ಉಪನ್ಯಾಸ ಪಬ್‌ಜಿ ಚಟದ ಬಗ್ಗೆ. ಎರಡನೆಯದು ಮೊಬೈಲ್ ಚಟ ಮತ್ತು ಪಬ್‌ಜಿ. ಮೂರನೆಯವರು ವೈವಿಧ್ಯ ಇರಲಿ ಅಂತಲೋ ಏನೋ, ಆನ್‌ಲೈನ್ ರಮ್ಮಿಯನ್ನೂ ಸೇರಿಸಿಕೊಂಡರು. ‘ಈ ಪಬ್‌ಜಿಯನ್ನು ಸರ್ಕಾರ ಕೂಡಲೇ ನಿಷೇಧಿಸಬೇಕು’ ಅಂತ ಒಬ್ಬರು ಮೇಜು ಗುದ್ದಿ ಹೇಳಿದರು. ಚಪ್ಪಾಳೆ ಬಿತ್ತು. ಸ್ವಾಮಿ, ಅದು 2020ರ ಸೆಪ್ಟೆಂಬರ್‌ನಲ್ಲೇ ನಿಷೇಧ ಆಯಿತು. 2021ರಲ್ಲಿ ಬೇರೆ ಹೆಸರಿಟ್ಟುಕೊಂಡು ವಾಪಸ್ ಬಂತು. 2022ರಲ್ಲಿ ಮತ್ತೆ ತೆಗೆಸಿದರು, 2023ರಲ್ಲಿ ಮತ್ತೆ ಬಿಟ್ಟರು. ಇಷ್ಟು ತಿಳಿಯಲು ಸಂಶೋಧನೆ ಬೇಡ, ಪಕ್ಕದ ಮನೆ ಹುಡುಗನನ್ನು ಕೇಳಿದ್ದರೆ ಸಾಕಿತ್ತು.

ಪ್ರಶ್ನೋತ್ತರಕ್ಕೆ ಮೈಕ್ ಬಂತು. ಎದ್ದು ನಿಂತೆ.

‘ಸರ್, ನಮ್ಮ ಹಳೇಬೀಡು, ಬೇಲೂರು ಇಟ್ಟುಕೊಂಡು ಅಮೆರಿಕದವರು ಒಂದು ಗೇಮ್ ಮಾಡಿದ್ದಾರೆ. ಅದರ ಬಗ್ಗೆ ತಮ್ಮ ಅಭಿಪ್ರಾಯ ಏನು?’

‘ಏನ್ ಮೇಡಂ, ನಿಮ್ಮ ಮಕ್ಕಳು ಆಡ್ತಾರಾ?’

‘ಇಲ್ಲ ಸರ್, ನಾನೇ ಆಡ್ತೀನಿ.’

ಸಭೆ ಗೊಳ್ಳೆಂದು ನಕ್ಕಿತು. ‘ಮೇಡಂ ಅವರ ಹಾಸ್ಯ ಪ್ರಜ್ಞೆ ಚೆನ್ನಾಗಿದೆ’ ಅಂದರು ಅಧ್ಯಕ್ಷರು. ಮೈಕ್ ಮುಂದಿನವರ ಕೈಗೆ ಹೋಯಿತು. ಉತ್ತರ ಬರಲಿಲ್ಲ.

ನಾನು ಹಾಸ್ಯ ಮಾಡಿರಲಿಲ್ಲ ಕಣ್ರೀ. ಆ ಗೇಮ್ ಹೆಸರು ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’. 2017ರ ಆಗಸ್ಟ್‌ನಲ್ಲಿ ಬಂದಿದ್ದು, ಮಾಡಿದ್ದು ನಾಟಿ ಡಾಗ್ ಅನ್ನುವ ಕ್ಯಾಲಿಫೋರ್ನಿಯಾದ ಕಂಪನಿ. ಕ್ಲೋಯಿ ಫ್ರೇಜರ್ ಅಂತ ನಾಯಕಿ, ಅಪ್ಪ ಭಾರತದವನು. ಗಣೇಶನ ಮುರಿದ ದಂತ ಹುಡುಕಿಕೊಂಡು ಪಶ್ಚಿಮ ಘಟ್ಟಕ್ಕೆ ಬರುತ್ತಾಳೆ. ಹೊಯ್ಸಳರ ಹೆಸರು ಬರುತ್ತದೆ. ಹಳೇಬೀಡು, ಬೇಲೂರು ಎರಡೂ ಹೆಸರು ಹಿಡಿದೇ ಬರುತ್ತವೆ. ಪರಶುರಾಮ ಶಿವನನ್ನು ನೋಡಲು ಬಂದಾಗ ಗಣೇಶ ಬಾಗಿಲಲ್ಲಿ ತಡೆದ ಕಥೆ ಗೊತ್ತಲ್ಲ, ಆ ಕಥೆಯ ಮೇಲೇ ಆಟದ ಕೆಲವು ಒಗಟುಗಳು ನಿಂತಿವೆ.

ಆದರೆ ಆ ಹಳೇಬೀಡಿನಲ್ಲಿ ಜಲಪಾತ ಇದೆ! ಕಾಡು ಇದೆ, ಕಣಿವೆ ಇದೆ, ತಲೆ ಎತ್ತಿ ಎತ್ತಿ ನೋಡಬೇಕಾದ ಮೂರ್ತಿಗಳಿವೆ. ನಮ್ಮ ಹಾಸನ ಜಿಲ್ಲೆಯ ಹಳೇಬೀಡಿಗೆ ಹೋದವರಿಗೆ ಗೊತ್ತು, ಅಲ್ಲಿ ಬಯಲು, ಕೆರೆ, ಬಸ್ ಸ್ಟ್ಯಾಂಡು. ಹೊಯ್ಸಳರ ದೇವಸ್ಥಾನ ಎತ್ತರದಿಂದ ಹೆದರಿಸುವುದಿಲ್ಲ. ಬಳಪದ ಕಲ್ಲಿನಲ್ಲಿ ಉಗುರಿನಷ್ಟು ಸಣ್ಣ ಕೆಲಸ, ಸರದ ಒಂದೊಂದು ಮಣಿಯನ್ನೂ ಬೇರೆ ಬೇರೆ ಬಿಡಿಸಿದ ಕೆಲಸ, ಅದು ಅವರ ದೊಡ್ಡಸ್ತಿಕೆ. ಗೇಮ್‌ನವರು ಹೆಸರು ಇಟ್ಟುಕೊಂಡು ಕಲೆಯನ್ನು ಬಿಟ್ಟುಬಿಟ್ಟರು. ಯಾಕೆ? ನಮ್ಮ ಮೇಲೆ ದ್ವೇಷ ಇದೆ ಅಂತ ಅಲ್ಲ. ಅವರ ಆಟವೇ ಹತ್ತುವ ಆಟ. ಹತ್ತಲು ಎತ್ತರ ಬೇಕು, ಕೈ ಹಿಡಿಯಲು ಸಂದು ಬೇಕು, ಹಗ್ಗ ಬೀಸಲು ಕಂದಕ ಬೇಕು. ಆಡುತ್ತಾ ಹೋದ ಹಾಗೆ ನಿಮ್ಮ ಕಣ್ಣೇ ಬದಲಾಗುತ್ತದೆ. ಕೆತ್ತನೆ ಕಂಡರೆ ‘ಇದರ ಮೇಲೆ ಕಾಲಿಡಬಹುದಾ’ ಅಂತ ಮೊದಲು ಅನಿಸುತ್ತದೆ. ನನಗೂ ಹಾಗೇ ಅನಿಸಿತು, ಬೇಲೂರು ಪಕ್ಕದ ಊರಿನಲ್ಲೇ ಹುಟ್ಟಿದವಳಿಗೆ! ಚಿತ್ರ ನೋಡಿದವರಿಗೆ ಇದು ಹೊಳೆಯುವುದಿಲ್ಲ. ಕಥೆಯ ಸಾರಾಂಶ ಓದಿದವರಿಗೂ ಹೊಳೆಯುವುದಿಲ್ಲ. ಕಂಟ್ರೋಲರ್ ಕೈಯಲ್ಲಿ ಹಿಡಿದವರಿಗೆ ಮಾತ್ರ.

ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ 2023ರಲ್ಲಿ ಯುನೆಸ್ಕೋ ಪಟ್ಟ ಸಿಕ್ಕಾಗ ಪೇಪರ್ ತುಂಬಾ ಲೇಖನ ಬಂತು, ಸರಿ. ಅದಕ್ಕೂ ಆರು ವರ್ಷ ಮೊದಲೇ ಹಳೇಬೀಡಿನ ಹೆಸರು ಪ್ಲೇಸ್ಟೇಷನ್ (ಟಿವಿಗೆ ಹಚ್ಚಿ ಗೇಮ್ ಆಡುವ ಪೆಟ್ಟಿಗೆ) ಇರುವ ಊರೂರಿಗೆ ಹೋಗಿತ್ತು. ಅದರ ಬಗ್ಗೆ ಕನ್ನಡದಲ್ಲಿ ಯಾರಾದರೂ ಕೂತು ನಾಲ್ಕು ಪುಟ ಬರೆದಿದ್ದು ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಬರೆದವರಿದ್ದರೆ ಟ್ಯಾಗ್ ಮಾಡಿ, ಕಾಲಿಗೆ ಬೀಳ್ತೀನಿ.

ಬೇರೆ ಕಡೆ ಇದೆಲ್ಲ ಹೇಗೆ ಶುರುವಾಯಿತು ಅಂತ ಸ್ವಲ್ಪ ಹೇಳಲೇಬೇಕು. 2001ರಲ್ಲಿ ಎಸ್ಪೆನ್ ಆರ್ಸೆತ್ ಅನ್ನುವ ನಾರ್ವೆಯವರು ‘ಗೇಮ್ ಸ್ಟಡೀಸ್’ ಅಂತ ಪತ್ರಿಕೆ ಶುರು ಮಾಡಿ, ಕಂಪ್ಯೂಟರ್ ಗೇಮ್ ಅಧ್ಯಯನಕ್ಕೆ ಇದೇ ಮೊದಲ ವರ್ಷ ಅಂತ ಸಂಪಾದಕೀಯ ಬರೆದರು. ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು, ಇವತ್ತಿಗೂ. 2003ರಲ್ಲಿ ಸಂಶೋಧಕರದ್ದೇ ಒಂದು ಅಂತರರಾಷ್ಟ್ರೀಯ ಸಂಘ ಬಂತು, ಡಿಗ್ರಾ ಅಂತ. ಅದೇ ವರ್ಷದ ಹೊತ್ತಿಗೆ ಬ್ಲಾಗುಗಳ ಸುಗ್ಗಿ. ಗ್ರ್ಯಾಂಡ್ ಟೆಕ್ಸ್ಟ್ ಆಟೋ, ಟೆರ್ರಾ ನೋವಾ, ವಾಟರ್ ಕೂಲರ್ ಗೇಮ್ಸ್. ಬರೆಯುತ್ತಿದ್ದವರಲ್ಲಿ ಪ್ರೊಫೆಸರುಗಳೂ ಇದ್ದರು, ಗೇಮ್ ಕಟ್ಟುವವರೂ ಇದ್ದರು. ಬೆಳಿಗ್ಗೆ ಒಬ್ಬರು ಬರೆದದ್ದಕ್ಕೆ ಸಂಜೆಯೊಳಗೆ ಇನ್ನೊಬ್ಬರ ಜಗಳ.

ಗೊನ್ಜಾಲೊ ಫ್ರಾಸ್ಕಾ ಅಂತ ಇದ್ದಾರೆ, ಉರುಗ್ವೆಯವರು. ಗೇಮ್ ಅಂದರೆ ಬರೀ ಕಥೆ ಅಲ್ಲ, ಅದರ ನಿಯಮಗಳನ್ನೇ ಓದಬೇಕು ಅಂತ 1999ರಿಂದಲೂ ವಾದ ಮಾಡಿದವರು. ವಾದ ಮಾಡಿ ಸುಮ್ಮನಾಗಲಿಲ್ಲ, 2003ರಲ್ಲಿ ತಾವೇ ಒಂದು ಪುಟ್ಟ ಗೇಮ್ ಮಾಡಿದರು, ‘ಸೆಪ್ಟೆಂಬರ್ 12’ ಅಂತ. ಒಂದು ಊರು, ಸಂತೆ, ಓಡಾಡುವ ಜನ, ನಡುವೆ ಕೆಲವು ಭಯೋತ್ಪಾದಕರು. ನಿಮ್ಮ ಕೈಯಲ್ಲಿ ಕ್ಷಿಪಣಿ. ಹೊಡೆಯುತ್ತೀರಿ. ಬೀಳುವ ಹೊತ್ತಿಗೆ ಪಕ್ಕದಲ್ಲಿದ್ದವರೂ ಸಾಯುತ್ತಾರೆ. ಸತ್ತವರ ಮುಂದೆ ಕೂತು ಅತ್ತವರು ಎದ್ದು ನಿಂತಾಗ ಅವರೂ ಭಯೋತ್ಪಾದಕರಾಗಿರುತ್ತಾರೆ. ಹೊಡೆದಷ್ಟೂ ಜಾಸ್ತಿ. ಗೆಲ್ಲುವ ದಾರಿಯೇ ಇಲ್ಲ. ಇದನ್ನು ಇಪ್ಪತ್ತು ಪುಟದ ಪ್ರಬಂಧದಲ್ಲೂ ಹೇಳಬಹುದು, ಆದರೆ ಬಟನ್ ಒತ್ತಿದ್ದು ನಮ್ಮ ಬೆರಳು ಅನ್ನುವ ಕಸಿವಿಸಿ ಪ್ರಬಂಧದಲ್ಲಿ ಸಿಗಲ್ಲ.

2007ರಲ್ಲಿ ಕ್ಲಿಂಟ್ ಹಾಕಿಂಗ್ ಅನ್ನುವ ಗೇಮ್ ಡಿಸೈನರ್ ತಮ್ಮ ಬ್ಲಾಗಿನಲ್ಲಿ ‘ಬಯೋಶಾಕ್’ ಅನ್ನುವ ಗೇಮನ್ನು ತರಾಟೆಗೆ ತೆಗೆದುಕೊಂಡರು. ಆಡುವಾಗ ಸ್ವಾರ್ಥಿಯಾಗಿರು ಅಂತ ಬಿಡುತ್ತೀರಿ, ಕಥೆ ಮಾತ್ರ ಇನ್ನೊಬ್ಬನಿಗೆ ನೆರವಾಗಲೇಬೇಕು ಅಂತ ಕಟ್ಟಿಹಾಕುತ್ತದೆ, ಇದು ಹೊಂದಲ್ಲ ಅಂತ. ಆ ಎಡವಟ್ಟಿಗೆ ‘ಲೂಡೋನ್ಯಾರೇಟಿವ್ ಡಿಸೊನೆನ್ಸ್’, ಅಂದರೆ ಆಟಕ್ಕೂ ಕಥೆಗೂ ತಾಳ ತಪ್ಪುವುದು, ಅಂತ ಹೆಸರಿಟ್ಟರು. ಬಾಯಿಗೆ ಬರಲ್ಲ, ಆದರೂ ನಿಂತಿತು. ಬ್ಲಾಗಿನ ಮಾತು ಸಂಶೋಧನಾ ಪ್ರಬಂಧಗಳಿಗೆ ಹೋಯಿತು. ಕೊನೆಗೆ ಏನಾಯಿತು ಗೊತ್ತಾ? ಅದೇ ನಾಟಿ ಡಾಗ್‌ನವರ 2016ರ ‘ಅನ್‌ಚಾರ್ಟೆಡ್ 4’ರಲ್ಲಿ ಸಾವಿರ ಶತ್ರುಗಳನ್ನು ಉರುಳಿಸಿದರೆ ಒಂದು ಟ್ರೋಫಿ ಕೊಡುತ್ತಾರೆ. ಅದರ ಹೆಸರೇ ‘ಲೂಡೋನ್ಯಾರೇಟಿವ್ ಡಿಸೊನೆನ್ಸ್’! ಕಥೆಯಲ್ಲಿ ನಗುನಗುತ್ತಾ ಇರುವ ಪಾಪದ ಹೀರೋ, ಆಟದಲ್ಲಿ ಹೆಣದ ರಾಶಿ ಹಾಕುತ್ತಾನೆ ಅಂತ ವಿಮರ್ಶಕರು ಬೈದಿದ್ದರು. ಕಂಪನಿಯವರು ಬೈದ ಮಾತನ್ನೇ ಪದಕ ಮಾಡಿ ಕೊಟ್ಟರು. ಒಂದು ಬ್ಲಾಗ್ ಬರಹದ ಆಯಸ್ಸು ನೋಡಿ.

ಈಗ ಅದನ್ನೇ ಹಳೇಬೀಡಿಗೆ ಹಚ್ಚಿ. ಕಥೆಯಲ್ಲಿ ಕ್ಲೋಯಿಗೆ ಅಪ್ಪನ ನೆಲದ ಮೇಲೆ ಗೌರವ. ಆಟದಲ್ಲಿ ಅವಳು ಕಾಲಿಟ್ಟಲ್ಲೆಲ್ಲ ಕಂಬ ಉರುಳುತ್ತದೆ, ಗೋಡೆ ಕುಸಿಯುತ್ತದೆ. ಎಂ.ಎ. ವಿದ್ಯಾರ್ಥಿಗೆ ಒಂದು ಒಳ್ಳೆ ಕಿರುಪ್ರಬಂಧಕ್ಕೆ ಇದು ಸಾಕಲ್ವಾ? ಸೆಮಿನಾರಿನಲ್ಲಿ ನನಗೆ ಹೇಳಬೇಕಿದ್ದದ್ದು ಇದೇ. ನಕ್ಕುಬಿಟ್ಟರು.

‘ಚಟ ನಿಜ ಅಲ್ವಾ?’ ಅಂತ ಕೇಳುವವರು ಕೇಳೇ ಕೇಳುತ್ತೀರಿ. ನಿಜ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ನಮ್ಮ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆ ಶಟ್ ಕ್ಲಿನಿಕ್ ಇದೆ. ಮಗ ಊಟ ನಿದ್ದೆ ಬಿಟ್ಟ ಅಂತ ನಮ್ಮ ಬ್ಯಾಂಕ್ ಕೌಂಟರಿನ ಆಚೆ ಕೂತು ಅತ್ತ ತಾಯಂದಿರನ್ನು ನಾನೂ ನೋಡಿದ್ದೀನಿ. ಅವರಿಗೆ ಡಾಕ್ಟರ್ ಬೇಕು, ಇದ್ದಾರೆ, ಸಂತೋಷ. ಆದರೆ ಯಕ್ಷಗಾನದ ಬಗ್ಗೆ ಸೆಮಿನಾರ್ ಇಟ್ಟು ಮಂಡಿನೋವಿನ ಡಾಕ್ಟರನ್ನು ಮಾತ್ರ ಕರೆಸಿದರೆ ನೀವು ಒಪ್ಪುತ್ತೀರಾ? ರಮ್ಮಿ ವಿಷಯಕ್ಕೆ ಬಂದರೆ, 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆಯೇ ಹಣ ಕಟ್ಟಿ ಆಡುವುದು ಬೇರೆ, ಇ-ಸ್ಪೋರ್ಟ್ಸ್ (ವಿಡಿಯೋ ಗೇಮ್ ಪಂದ್ಯಾವಳಿ) ಬೇರೆ ಅಂತ ಬಿಡಿಸಿ ಹೇಳಿದೆ. ಸಂಸತ್ತಿಗೆ ಗೊತ್ತಾದ ವ್ಯತ್ಯಾಸ ನಮ್ಮ ವಿಭಾಗ ಮುಖ್ಯಸ್ಥರಿಗೆ ಗೊತ್ತಾಗಲಿಲ್ಲ.

ಇನ್ನೊಬ್ಬರು ‘ಗೇಮ್ ಅಧ್ಯಯನ ಎಲ್ಲ ಪಾಶ್ಚಾತ್ಯರ ಫ್ಯಾಷನ್ನು’ ಅಂದರು. ಅಂದಿದ್ದು ಎಲ್ಲಿ? ಮೈಸೂರಿನಲ್ಲಿ! ಮುಮ್ಮಡಿ ಕೃಷ್ಣರಾಜ ಒಡೆಯರು ಕೂತು ಚದುರಂಗದ ಕುದುರೆ ನಡೆಯ ಒಗಟುಗಳನ್ನು ಕಟ್ಟಿದ ಊರಿನಲ್ಲಿ. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೊನೆಯ ಭಾಗ ‘ಕೌತುಕನಿಧಿ’ ಇರುವುದೇ ಆಟಗಳ ಬಗ್ಗೆ. ರಾಜರು ಆಡಿದರು, ಹೊಸ ಆಟ ಕಟ್ಟಿದರು, ಬರೆಸಿಟ್ಟರು. ಇನ್ನು ಆ ಪಾಶ್ಚಾತ್ಯರ ವಿಷಯ. ಗೇಮ್ ಅಧ್ಯಯನದವರು ಇವತ್ತಿಗೂ ಬಾಯಿಪಾಠ ಹೇಳುವ ಹೆಸರು ಯೋಹಾನ್ ಹೌಜಿಂಗ, ಡಚ್ ಇತಿಹಾಸಕಾರ, ‘ಹೋಮೋ ಲೂಡೆನ್ಸ್’ (ಆಟವಾಡುವ ಮನುಷ್ಯ) ಅನ್ನುವ ಪುಸ್ತಕ ಬರೆದವರು, 1938ರಲ್ಲಿ. ಅವರ ಡಾಕ್ಟರೇಟ್ ಯಾವುದರ ಮೇಲೆ ಅಂತೀರಿ? ಭಾರತೀಯ ನಾಟಕದ ವಿದೂಷಕನ ಮೇಲೆ, 1897ರಲ್ಲಿ. ಮಹಾಭಾರತದ ಪಗಡೆಯಾಟದ ಮಾತು ‘ಹೋಮೋ ಲೂಡೆನ್ಸ್’ನಲ್ಲೂ ಬರುತ್ತದೆ. ಕೋಲ್ಕತಾದ ಸೌವಿಕ್ ಮುಖರ್ಜಿ ವಿಡಿಯೋ ಗೇಮ್ ಮತ್ತು ವಸಾಹತುಶಾಹಿಯ ಮೇಲೆ 2017ರಲ್ಲೇ ಪುಸ್ತಕ ತಂದಿದ್ದಾರೆ. ಬಂಗಾಳದವರಿಗೆ ಆಗುತ್ತೆ, ಉರುಗ್ವೆಯವರಿಗೆ ಆಗುತ್ತೆ. ನಮಗೆ ಪಬ್‌ಜಿ.

ಹೇಳಿಬಿಡ್ತೀನಿ. ಈ ಸಿಟ್ಟಿನಲ್ಲಿ ಹೊಟ್ಟೆಯುರಿಯೂ ಇದೆ. ಎಂ.ಎ. ಮುಗಿಸಿ ಪಿಎಚ್‌ಡಿಗೆ ಅಂತ ಓಡಾಡುತ್ತಿದ್ದಾಗ ಒಬ್ಬ ಗೈಡ್ ಹತ್ತಿರ ಇದೇ ವಿಷಯ ತೆಗೆದುಕೊಂಡು ಹೋಗಿದ್ದೆ. ‘ಜಾನಪದ ಆಟಗಳು ಅಂತ ಮಾಡ್ಕೊಳಮ್ಮಾ, ಚೆನ್ನೆಮಣೆ, ಕುಂಟೆಬಿಲ್ಲೆ. ಈ ಕಂಪ್ಯೂಟರ್ ಎಲ್ಲ ಬಿಟ್ಬಿಡು’ ಅಂದರು. ಚೆನ್ನೆಮಣೆ ನನಗೂ ಇಷ್ಟವೇ. ಆದರೆ ನೂರು ವರ್ಷ ಹಳೆಯದಾದರೆ ಮಾತ್ರ ಆಟ ಸಂಸ್ಕೃತಿ ಆಗುತ್ತದೆ, ಈಗ ಆಡಿದರೆ ರೋಗ ಅನ್ನುವ ಲೆಕ್ಕ ನನಗೆ ಆಗಲೂ ಅರ್ಥ ಆಗಲಿಲ್ಲ. ಬ್ಯಾಂಕ್ ಪರೀಕ್ಷೆ ಬರೆದೆ. ಉಳಿದದ್ದನ್ನು ಬ್ಲಾಗಿನಲ್ಲಿ ಬರೆದುಕೊಂಡೆ. ಕನ್ನಡ ಬ್ಲಾಗುಗಳ ಆ ಭರಾಟೆಯಲ್ಲಿ ಕವಿತೆಗೆ ನಲವತ್ತು ಕಾಮೆಂಟ್ ಬರುತ್ತಿತ್ತು, ಗೇಮ್ ಬಗ್ಗೆ ಬರೆದರೆ ‘ಚೆನ್ನಾಗಿದೆ ಅಕ್ಕ, ಆದರೆ ನನಗೆ ಅರ್ಥ ಆಗಲಿಲ್ಲ’ ಅಂತ ಒಂದು. ಆ ಒಂದನ್ನು ಬರೆಯುತ್ತಿದ್ದವರು ಈಗಲೂ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದೀರಿ, ನಮಸ್ಕಾರ.

ಹೊರಗಿನವರದ್ದು ಬರೀ ಹೂವಿನ ಹಾದಿ ಅಂತಲೂ ನಾನು ಹೇಳುತ್ತಿಲ್ಲ. ಗೇಮ್‌ಗಳಲ್ಲಿ ಹೆಂಗಸರನ್ನು ಹೇಗೆ ತೋರಿಸುತ್ತಾರೆ ಅಂತ ವಿಮರ್ಶೆ ಮಾಡಿದ್ದಕ್ಕೆ ಅನಿತಾ ಸರ್ಕೀಸಿಯನ್‌ಗೆ ಎಷ್ಟು ಬೆದರಿಕೆ ಬಂತು ಅಂದರೆ, 2014ರಲ್ಲಿ ಅಮೆರಿಕದ ಯೂಟಾದ ಯೂನಿವರ್ಸಿಟಿಯಲ್ಲಿ ಇದ್ದ ಭಾಷಣವನ್ನೇ ಅವರು ರದ್ದು ಮಾಡಬೇಕಾಯಿತು. ಅಲ್ಲಿ ಗುಂಡು ಹೊಡೀತೀವಿ ಅಂತಾರೆ, ಇಲ್ಲಿ ಮಕ್ಕಳು ಆಡ್ತಾರಾ ಅಂತ ಕೇಳಿ ನಗುತ್ತಾರೆ. ನನ್ನ ಅದೃಷ್ಟವೇ ವಾಸಿ.

ಟೀ ಬ್ರೇಕಿನಲ್ಲಿ ಬಿ.ಕಾಂ. ಹುಡುಗ ಒಬ್ಬ ಹತ್ತಿರ ಬಂದ. ‘ಮೇಡಂ, ನೀವು ಕಷ್ಟದ ಮೋಡ್‌ನಲ್ಲಿ ಆಡಿದ್ರಾ?’ ಅಂತ ಕೇಳಿದ. ಇಡೀ ದಿನದಲ್ಲಿ ಕೇಳಿದ ಒಂದೇ ಒಂದು ಶೈಕ್ಷಣಿಕ ಪ್ರಶ್ನೆ. ಅವನು ಯೂಟ್ಯೂಬ್‌ನಲ್ಲಿ ಕನ್ನಡದಲ್ಲೇ ಮಾತಾಡಿಕೊಂಡು ಆಡುತ್ತಾನಂತೆ. ಯಾವ ಗೇಮ್ ಯಾಕೆ ಸಪ್ಪೆ ಅಂತ ಅವನು ಹೇಳಿದ್ದು ವೇದಿಕೆ ಮೇಲಿನ ಮೂರು ಉಪನ್ಯಾಸಕ್ಕಿಂತ ಚೆನ್ನಾಗಿತ್ತು. ‘ಇದನ್ನೆಲ್ಲ ಬರೆದಿಡೋ’ ಅಂದೆ. ‘ಬರೆದರೆ ಯಾರು ಓದ್ತಾರೆ ಮೇಡಂ’ ಅಂದ. ನಾನು ಓದ್ತೀನಿ ಅಂತ ನಂಬರ್ ಕೊಟ್ಟು ಬಂದಿದ್ದೀನಿ.

ಸೆಮಿನಾರಿನ ಸಂಘಟಕರು ನನ್ನ ಲಿಸ್ಟಿನಲ್ಲಿ ಇಬ್ಬರಿದ್ದೀರಿ, ಗೊತ್ತು. ಮುಂದಿನ ಸಲ ಹಾಲ್‌ನಲ್ಲಿ ಒಂದು ದೊಡ್ಡ ಟಿವಿ ಇಡಿ ಸಾಕು, ಪ್ಲೇಸ್ಟೇಷನ್ ನಾನು ಹೊತ್ತು ತರ್ತೀನಿ. ಉಪನ್ಯಾಸಕರು ಅರ್ಧ ಗಂಟೆ ಆಡಿ ಆಮೇಲೆ ಮಾತಾಡಲಿ. ಗುಂಡಿನ ಕಾಳಗ ಬಂದರೆ ನಾನೇ ಪಾರು ಮಾಡಿಕೊಡ್ತೀನಿ. ಮತ್ತೆ ಕಾಮೆಂಟಿನಲ್ಲಿ ‘ಗೇಮ್‌ನಿಂದ ಮಕ್ಕಳು ಹಾಳು’ ಅಂತ ಬರೆಯಲು ಬಂದವರು ಮೊದಲು ಯಾವ ಗೇಮ್ ಅಂತ ಹೆಸರು ಬರೆಯಿರಿ. ಪಬ್‌ಜಿ ಅಂತ ಬರೆದರೆ ಡಿಲೀಟ್ ಮಾಡ್ತೀನಿ.